ನನ್ನ ಚೀಲದಲ್ಲಿದ್ದ ಕ್ಯಾಸೆಟ್

ಗುರುವಾರ, ಹದಿನಾಲ್ಕನೇ ತಾರೀಖು
ಬೆಳಿಗ್ಗೆ ಹತ್ತು ಗಂಟೆ

ಪ್ರೀತಿಯ ರೀ,

ಕಾಗದದಲ್ಲೂ ‘ರೀ’ ಎಂದೇ ಕರೆದೆನೆಂದು ನಗಬೇಡಿ. ಹದಿನಾರು ವರ್ಷದಿಂದ ಬಾಯಿಗೆ ಬರುವುದು ಅದೊಂದೇ. ತಲುಪಿದ ಮರುದಿನವೇ ಬರೆಯುತ್ತೇನೆಂದು ಹೇಳಿ ಹೊರಟವಳು ಎಂಟು ದಿನ ತಡಮಾಡಿದ್ದೇನೆ. ಮಂಗಳವಾರದಿಂದ ನಿಮ್ಮ ಫೋನನ್ನೂ ಎತ್ತಿಲ್ಲ. ‘ಚೆನ್ನಾಗಿದೀನಿ, ಸುತ್ತಾಟ ಜಾಸ್ತಿ’ ಎಂದು ಒಂದು ಸಾಲು ಕಳಿಸಿ ಸುಮ್ಮನಾದೆ. ತಪ್ಪಾಯಿತು. ನಿಮ್ಮ ದನಿ ಕೇಳಿದರೆ ಅರ್ಧಕ್ಕೇ ಅಳು ಬಂದು, ಉಳಿದರ್ಧ ಹೇಳದೆ ತಪ್ಪಿಸಿಕೊಂಡುಬಿಡುತ್ತೇನೆ ಅನಿಸಿತು. ಅದಕ್ಕೇ ಕಾಗದ. ನಾನು ಮರಳುವುದಕ್ಕೆ ಇನ್ನೂ ಹನ್ನೆರಡು ದಿನವಿದೆ. ಇದು ಐದು ದಿನದಲ್ಲಿ ತಲುಪುತ್ತದೆ ಎಂದು ಹೋಟೆಲಿನ ಕೌಂಟರಿನವಳು ಹೇಳಿದ್ದಾಳೆ.

ಮೊದಲ ವಾರ ನಿಜಕ್ಕೂ ಚೆನ್ನಾಗಿತ್ತು. ತಮ್ಮ ನನ್ನನ್ನು ಕರೆದೊಯ್ಯುತ್ತಿರುವುದು ವಿಮಾನದಲ್ಲಿ ಇನ್ನೊಂದು ಪೆಟ್ಟಿಗೆಯ ತೂಕ ಸಿಗುತ್ತದೆ ಅಂತ ನೀವು ತಮಾಷೆ ಮಾಡಿದಿರಲ್ಲ, ಅದು ಸುಳ್ಳೇನಲ್ಲ. ಆದರೆ ನನ್ನಿಂದ ಬೇರೆ ಉಪಯೋಗವೂ ಆಯಿತು. ಅವನು ಸಂಗ್ರಹಿಸುವ ಹಳೆಯ ವಿಡಿಯೋ ಗೇಮ್ ಮಾರುವ ಅಂಗಡಿಗಳೆಲ್ಲ ಇಲ್ಲಿ ಒಂದೇ ಬೀದಿಯಲ್ಲಿವೆ. ಎದುರಿಗೆ ಯಾರಾದರೂ ಬಂದರೆ ಗೋಡೆಗೆ ಅಂಟಿ ನಿಲ್ಲಬೇಕು, ಅಷ್ಟು ಕಿರಿದಾದ ಮೆಟ್ಟಿಲು. ಹತ್ತಿ ಹೋದರೆ ನೆಲದಿಂದ ಸೂರಿನವರೆಗೆ ಗೇಮ್ ಕ್ಯಾಸೆಟ್‌ಗಳು, ಟಿವಿಗೆ ಜೋಡಿಸಿ ಆಡುವ ಹಳದಿಗಟ್ಟಿದ ಸೆಟ್‌ಗಳು, ವೈರು ಸುತ್ತಿಟ್ಟ ಜಾಯ್‌ಸ್ಟಿಕ್‌ಗಳು. ನಕಲಿ ಮಾಲಿಗೂ ಬರವಿಲ್ಲ. ತಮ್ಮ ಸ್ಕ್ರೂ ಬಿಚ್ಚಿ ಒಳಗಿನ ಬೋರ್ಡು ನೋಡುತ್ತಾನೆ. ನಾನು ಕೆಲಸ ಮಾಡುವ ಕನ್ನಡಕದಂಗಡಿಯಲ್ಲಿ ಲೆನ್ಸ್ ಪರೀಕ್ಷಿಸುವ ಭೂತಗನ್ನಡಿಯನ್ನೇ ಕಣ್ಣಿಗೆ ಹಿಡಿದು ಲೇಬಲ್ಲು ನೋಡುತ್ತೇನೆ. ಅಸಲಿಯಲ್ಲಿ ಬಣ್ಣದ ಚುಕ್ಕೆಗಳು ಸಾಲು ಹಿಡಿದು ಕೂತಿರುತ್ತವೆ, ನಕಲಿಯಲ್ಲಿ ಕಲಸಿಹೋಗಿರುತ್ತವೆ. ‘ಅಕ್ಕಾ, ನಿನ್ನ ಕಣ್ಣನ್ನ ಇನ್ಶೂರ್ ಮಾಡಿಸ್ಬೇಕು’ ಎಂದು ಅವನು ನಗುತ್ತಿದ್ದ. ಸಂಜೆ ಗೇಮ್ ಪಾರ್ಲರಿಗೆ ಹೋಗಿ ಇಬ್ಬರೂ ಒಂದೇ ಮಷೀನಿನ ಮುಂದೆ ಕೂತು ಆಡುತ್ತಿದ್ದೆವು. ನಾನು ಸಾಯುತ್ತಿದ್ದೆ, ಅವನು ಬದುಕಿಸುತ್ತಿದ್ದ. ನಲವತ್ತು ದಾಟಿದ ಗಂಡಸು ಕುರ್ಚಿಯಿಂದ ಎಗರಿ ಎಗರಿ ಕೂಗುವುದನ್ನು ನೋಡಿ ನನಗೂ ವಯಸ್ಸು ಮರೆತುಹೋಗಿತ್ತು.

ಮಂಗಳವಾರ ಮಧ್ಯಾಹ್ನ ಒಂದು ಅಂಗಡಿಗೆ ಹೋದೆವು. ಕೆಳಗೆ ಪಾರ್ಲರು, ಮೂರನೆಯ ಮಹಡಿಯಲ್ಲಿ ಅಂಗಡಿ. ನಡೆಸುವವಳು ಎಪ್ಪತ್ತರ ಆಸುಪಾಸಿನ ಹೆಂಗಸು. ಒಬ್ಬ ಕೆಲಸದಾಕೆ ಏಣಿಯ ಮೇಲೆ ನಿಂತು ಧೂಳು ಒರೆಸುತ್ತಿದ್ದಳು. ಗಾಜಿನ ಬೀರುವಿನಲ್ಲಿ ತಮ್ಮ ಒಂಬತ್ತು ವರ್ಷದಿಂದ ಹುಡುಕುತ್ತಿದ್ದ ಕ್ಯಾಸೆಟ್ ಇತ್ತು. ಬೂದು ಬಣ್ಣ, ಅಂಗೈಯಷ್ಟು. ಅಂಗಡಿಯವಳು ಅದನ್ನು ಪ್ಲಾಸ್ಟಿಕ್ ಡಬ್ಬಿಯಿಂದ ತೆಗೆದು ಮೆತ್ತನೆಯ ಬಟ್ಟೆಯ ಮೇಲಿಟ್ಟಳು. ನಾನು ನೋಡಿ ‘ಅಸಲಿ ಕಣೋ’ ಎಂದೆ. ಅವನ ಕಿವಿ ಕೆಂಪಾಯಿತು. ಬೆಲೆ ಅವನ ಕೈಗೆಟುಕುವಂಥದ್ದಲ್ಲ. ಎಷ್ಟು ಚೌಕಾಸಿ ಮಾಡಿದರೂ ಆಕೆ ಜಗ್ಗಲಿಲ್ಲ. ಕೊನೆಗೆ ‘ಹೋಗ್ಲಿ ಬಿಡಕ್ಕಾ’ ಎಂದು ಅವನೇ ಅದನ್ನು ಡಬ್ಬಿಗೆ ಹಾಕಿಕೊಟ್ಟ. ಆಗ ನಾನು ಏಣಿಯ ಮೇಲಿನವಳಿಗೆ ದಾರಿ ಬಿಡಲು ಆಚೆ ತಿರುಗಿದ್ದೆ.

ಕೆಳಗೆ ಬಂದು ಕಾರು ಓಡಿಸುವ ಆಟಕ್ಕೆ ಕೂತೆ. ‘ಬ್ಯಾಗ್ ಕೊಡಕ್ಕಾ, ಹಿಡ್ಕೊಂಡಿರ್ತೀನಿ’ ಎಂದ. ಕೊಟ್ಟೆ. ಎರಡು ಸಲ ಡಿಕ್ಕಿ ಹೊಡೆದು ಎದ್ದಾಗ ಚೀಲ ನನ್ನ ಹೆಗಲಿಗೆ ಹಾಕಿದ. ಬಾಗಿಲ ಹತ್ತಿರ ಬಂದಿದ್ದೆವು, ಅಷ್ಟರಲ್ಲಿ ಅಂಗಡಿಯವಳು ಏದುಸಿರು ಬಿಡುತ್ತ ಇಳಿದು ಬಂದಳು. ಜೊತೆಗೆ ಪಾರ್ಲರಿನ ಕಾವಲುಗಾರ. ಆಕೆಯ ಭಾಷೆ ನನಗೆ ಬಾರದು. ಆಕೆ ಮಾತು ಅನುವಾದಿಸುವ ತನ್ನ ಫೋನಿಗೆ ಏನೋ ಹೇಳಿ ನನ್ನ ಮುಖದ ಮುಂದೆ ಹಿಡಿದಳು. ಫೋನು ಕನ್ನಡದಲ್ಲಿ, ಪಾಠ ಒಪ್ಪಿಸುವಂತೆ, ‘ದಯವಿಟ್ಟು ನಿಮ್ಮ ಚೀಲಗಳನ್ನು ತೆರೆಯಿರಿ. ಡಬ್ಬಿಯಲ್ಲಿ ಬೇರೆ ಕ್ಯಾಸೆಟ್ ಇದೆ’ ಎಂದಿತು.

ತಮ್ಮ ಜೇಬು, ಚೀಲ ಎಲ್ಲ ಬಡಿದು ತೋರಿಸಿದ. ಏನೂ ಇರಲಿಲ್ಲ. ಆಮೇಲೆ ನನ್ನ ಸರದಿ. ನನಗೇನು ಭಯ? ಧೈರ್ಯವಾಗಿ ಚೀಲಕ್ಕೆ ಕೈ ಹಾಕಿದೆ. ಪರ್ಸು, ನೀರಿನ ಬಾಟಲಿ ತೆಗೆದಿಟ್ಟೆ. ಬೆವರು ಒರೆಸುವ ಟವೆಲ್ಲಿಗೆ ಕೈ ತಗುಲಿತು. ಮಡಿಕೆಯ ಒಳಗೆ ಗಟ್ಟಿಯಾಗಿ, ಚೌಕಾಕಾರವಾಗಿ ಏನೋ ಇತ್ತು.

ರೀ, ಆ ಒಂದು ಕ್ಷಣ ನನಗೆ ಎಲ್ಲವೂ ಗೊತ್ತಾಯಿತು. ತಮ್ಮನ ಕಡೆ ನೋಡಿದೆ. ಅವನು ನನ್ನನ್ನು ನೋಡುತ್ತಿರಲಿಲ್ಲ, ಮಷೀನಿನ ಪರದೆ ನೋಡುತ್ತಿದ್ದ. ನಾನು ಟವೆಲ್ಲನ್ನು ಹಾಗೇ ಮುದ್ದೆಯಾಗಿ ಎತ್ತಿ ಎಡಗೈಯಲ್ಲಿ ಹಿಡಿದು, ಖಾಲಿ ಚೀಲವನ್ನು ಬಗ್ಗಿಸಿ ತೋರಿಸಿದೆ. ‘ಏನೂ ಇಲ್ಲ’ ಎಂದೆ. ಕಾವಲುಗಾರ ಚೀಲ ನೋಡಿದ, ಟವೆಲ್ ನೋಡಲಿಲ್ಲ. ನನ್ನ ಹೆಬ್ಬೆರಳಿನ ಕೆಳಗೆ ಆ ಕ್ಯಾಸೆಟ್ಟಿನ ಅಂಚು ಒತ್ತುತ್ತಿತ್ತು. ಅಂಗಡಿಯವಳು ನನ್ನ ಮುಖವನ್ನೇ ನೋಡುತ್ತ ನಿಂತಳು. ಆಮೇಲೆ ತಲೆ ತಗ್ಗಿಸಿದಳು. ಫೋನು ‘ನಿಮ್ಮನ್ನು ಅವಮಾನಿಸಿದ್ದಕ್ಕೆ ಕ್ಷಮಿಸಿ’ ಎಂದಿತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಹೋಟೆಲಿಗೆ ಬಂದು ಬಾಗಿಲು ಹಾಕಿದೆ. ಟವೆಲ್ಲು ಬಿಚ್ಚಿ ಕ್ಯಾಸೆಟ್ಟನ್ನು ಅವನ ಹಾಸಿಗೆಯ ಮೇಲೆ ಎಸೆದೆ.

‘ನನ್ನ ಬ್ಯಾಗಿಗೇ ಹಾಕ್ಬೇಕಿತ್ತೇನೋ?’

‘ನಿನ್ನ ಮುಖ ನೋಡಿದ್ರೆ ಯಾರಿಗೂ ಅನುಮಾನ ಬರಲ್ಲ ಅಕ್ಕಾ. ಅದಕ್ಕೇ.’ ನಾಚಿಕೆಯೇ ಇಲ್ಲದೆ, ಹೊಗಳುವವನ ಹಾಗೆ ಹೇಳಿದ.

‘ನಾಳೆ ವಾಪಸ್ ಕೊಟ್ಟು ಬಾ.’

‘ಕೊಟ್ರೆ ಪೊಲೀಸಿಗೆ ಹೇಳ್ತಾಳೆ. ಪಾಸ್‌ಪೋರ್ಟ್ ಕಿತ್ಕೋತಾರೆ. ನನ್ನದಷ್ಟೇ ಅಲ್ಲ, ನಿನ್ನದೂ. ಏನೂ ಇಲ್ಲ ಅಂತ ಅಂದಿದ್ದು ನೀನು, ನಾನಲ್ಲ.’

ಅವನು ಗೋಡೆಯ ಕಡೆ ತಿರುಗಿ ಮಲಗಿದ. ನಾನು ಕ್ಯಾಸೆಟ್ಟನ್ನು ಎತ್ತಿ ನನ್ನ ತಲೆದಿಂಬಿನ ಕೆಳಗಿಟ್ಟುಕೊಂಡೆ.

ಬೆಳಿಗ್ಗೆ ಅವನು ಸ್ನಾನಕ್ಕೆ ಹೋದಾಗ ಹೊರಟುಬಿಟ್ಟೆ. ಅಂಗಡಿಯ ಶಟರು ಅರ್ಧ ಎತ್ತಿತ್ತು. ಬಗ್ಗಿ ಒಳಹೋದೆ. ಅಂಗಡಿಯವಳು ಒಬ್ಬಳೇ, ತಾನೇ ಏಣಿ ಹತ್ತಿ ಧೂಳು ಒರೆಸುತ್ತಿದ್ದಳು. ನಾನು ಸುತ್ತಿದ್ದ ಟವೆಲ್ಲು ಬಿಚ್ಚಿ ಕ್ಯಾಸೆಟ್ಟನ್ನು ಗಾಜಿನ ಮೇಲಿಟ್ಟು, ಅಲ್ಲೇ ಇದ್ದ ಆಕೆಯ ಫೋನಿಗೆ ಹೇಳಿದೆ: ‘ಇದು ನನ್ನ ಚೀಲದಲ್ಲಿತ್ತು. ಹಾಕಿದವನು ನನ್ನ ತಮ್ಮ. ಗೊತ್ತಾದ ಮೇಲೂ ನಾನು ಸುಳ್ಳು ಹೇಳಿದೆ.’ ಫೋನು ನನ್ನ ನಡುಗುವ ಮಾತನ್ನು ಅದೇ ತಣ್ಣನೆಯ ದನಿಯಲ್ಲಿ ಆಕೆಗೆ ತಿರುಗಿಸಿ ಹೇಳಿತು.

ಆಕೆ ಏಣಿ ಇಳಿದಳು. ಕ್ಯಾಸೆಟ್ಟನ್ನು ಒಂದು ಸೆಟ್ಟಿಗೆ ಹಾಕಿ ಟಿವಿ ಹಚ್ಚಿದಳು. ಆಟ ಶುರುವಾಯಿತು. ಟಿವಿ ಆರಿಸಿದಳು. ಈಗ ಪೊಲೀಸರನ್ನು ಕರೆಯುತ್ತಾಳೆ ಎಂದು ನಾನು ಪಾಸ್‌ಪೋರ್ಟನ್ನೂ ತೆಗೆದಿಟ್ಟೆ. ಅದನ್ನು ಕೈಯಿಂದ ಪಕ್ಕಕ್ಕೆ ಸರಿಸಿ ಫೋನಿಗೆ ಏನೋ ಹೇಳಿದಳು.

‘ಹನ್ನೊಂದು ವರ್ಷದಿಂದ ನನ್ನ ಜೊತೆ ಕೆಲಸ ಮಾಡುವ ಹೆಂಗಸು. ನಿನ್ನೆ ಸಂಜೆ ಅವಳ ಚೀಲ ತೆರೆಸಿದೆ. ಅಂಗಡಿಯಲ್ಲಿ ಇದ್ದದ್ದು ನೀವಿಬ್ಬರು, ನಾವಿಬ್ಬರು. ನಿಮ್ಮಲ್ಲಿ ಇಲ್ಲವೆಂದಮೇಲೆ ಇನ್ನು ಯಾರು ಅಂದುಕೊಂಡೆ. ಅವಳು ಅಂಗಡಿಯ ಬೀಗದ ಕೈ ಇಟ್ಟು ಹೋದಳು. ಫೋನು ತೆಗೆಯುತ್ತಿಲ್ಲ.’

‘ಅವರ ಮನೆಗೆ ಹೋಗೋಣ, ನಾನೇ ಹೇಳ್ತೀನಿ’ ಎಂದೆ. ಆಕೆ ಶಟರು ಎಳೆದು ಬೀಗ ಹಾಕಿದಳು.

ಬಸ್ಸಿನಲ್ಲಿ ನಲವತ್ತು ನಿಮಿಷ. ಒಂದೇ ಸೀಟಿನಲ್ಲಿ ಕೂತೆವು, ಭುಜಕ್ಕೆ ಭುಜ ತಾಗದಂತೆ. ನಾಲ್ಕಂತಸ್ತಿನ ಹಳೆಯ ಕಟ್ಟಡ, ಲಿಫ್ಟ್ ಇಲ್ಲ. ಬಾಗಿಲು ತೆರೆದ ಕೆಲಸದಾಕೆಯ ಕೂದಲು ಒದ್ದೆಯಿತ್ತು, ಕಣ್ಣು ಊದಿತ್ತು. ಒಳಗೆ ಕರೆಯಲಿಲ್ಲ. ನಾನು ಹೊಸ್ತಿಲಾಚೆಯೇ ನಿಂತು ಎಲ್ಲ ಹೇಳಿದೆ. ಅಂಗಡಿಯವಳು ಫೋನು ಹಿಡಿದಿದ್ದಳು. ಕೇಳಿಸಿಕೊಂಡು ಕೆಲಸದಾಕೆ ನನಗೆ ಒಂದೇ ಒಂದು ಪ್ರಶ್ನೆ ಹಾಕಿದಳು.

‘ನಿನ್ನೆಯೇ ಯಾಕೆ ಹೇಳಲಿಲ್ಲ?’

ತಮ್ಮ, ಪಾಸ್‌ಪೋರ್ಟು, ಪರದೇಶ, ಎಷ್ಟೆಲ್ಲ ಕಾರಣ ಇತ್ತು. ಒಂದೂ ಬಾಯಿಂದ ಹೊರಡಲಿಲ್ಲ. ಅವಳು ನಾನು ಉತ್ತರ ಕೊಡುವವರೆಗೂ ಕಾದಳು, ಕೊಡಲಾರೆನೆಂದು ತಿಳಿದ ಮೇಲೆ ಅಂಗಡಿಯವಳ ಕಡೆ ತಿರುಗಿದಳು. ಅಂಗಡಿಯವಳು ಬಾಗಿ ಬೀಗದ ಕೈ ಚಾಚಿದಳು. ಅವಳು ತೆಗೆದುಕೊಳ್ಳಲಿಲ್ಲ, ಬಾಗಿಲನ್ನೂ ಹಾಕಲಿಲ್ಲ. ಅವರಿಬ್ಬರನ್ನೂ ಹಾಗೇ ಬಿಟ್ಟು ನಾನು ಮೆಟ್ಟಿಲಿಳಿದು ಬಂದೆ. ಆಮೇಲೆ ಏನಾಯಿತೋ ಗೊತ್ತಿಲ್ಲ.

ತಮ್ಮನಿಗೆ ನಡೆದದ್ದೆಲ್ಲ ಹೇಳಿದೆ. ‘ನನ್ನ ಹೆಸರು ಹೇಳಿದ್ಯಾ?’ ಎಂದು ಕೇಳಿದ. ಹೌದೆಂದೆ. ಅವನು ತನ್ನ ಪೆಟ್ಟಿಗೆ ಎತ್ತಿಕೊಂಡು ಬೇರೆ ರೂಮು ಹಿಡಿದಿದ್ದಾನೆ. ಮೊನ್ನೆ ಕೊಂಡ ಸೆಟ್‌ಗಳೆಲ್ಲ ನನ್ನ ಪೆಟ್ಟಿಗೆಯಲ್ಲೇ ಉಳಿದಿವೆ. ಟಿಕೆಟ್ ಬದಲಾಯಿಸಲು ಆಗುವುದಿಲ್ಲವಂತೆ, ಹನ್ನೆರಡು ದಿನ ಇಲ್ಲಿಯೇ ಇರಬೇಕು. ನೀವು ಗಾಬರಿಯಾಗಬೇಡಿ. ಊಟ, ನಿದ್ದೆಗೆ ಕೊರತೆ ಮಾಡಿಕೊಳ್ಳುವುದಿಲ್ಲ.

ಅತ್ತೆಗೆ ನನ್ನ ನಮಸ್ಕಾರ ಹೇಳಿ, ಅವರ ಕಾಲುನೋವಿನ ಮಾತ್ರೆ ಮುಗಿಯುತ್ತ ಬಂದಿರಬೇಕು, ನೋಡಿ ತನ್ನಿ. ಮಗಳಿಗೆ ನನ್ನ ಮುತ್ತು, ಆಶೀರ್ವಾದ. ಅವಳ ಸೋದರಮಾವನ ವಿಷಯ ನಾನೇ ಹೇಳುತ್ತೇನೆ. ನಿಮ್ಮ ಆರೋಗ್ಯ ಜೋಪಾನ.

ಇಂತಿ,
ನಿಮ್ಮವಳು

ತಾ.ಕ. — ಲಕೋಟೆ ಅಂಟಿಸಿ, ಮತ್ತೆ ಹರಿದು ಬರೆಯುತ್ತಿದ್ದೇನೆ. ಮಗಳಿಗೆ ಮೂರು ತಿಂಗಳಿದ್ದಾಗ ಅತ್ತೆಯ ಚಿನ್ನದ ಸರ ಕಳೆಯಿತಲ್ಲ, ಆ ವಾರ ತಮ್ಮ ನಮ್ಮ ಮನೆಯಲ್ಲಿದ್ದ. ಆಗ ಮನೆಯಲ್ಲೇ ಇದ್ದ ಅಡುಗೆಯವರ ಟ್ರಂಕು ನೀವೇ ತೆರೆಸಿದಿರಿ. ಅವರು ಒಂದೊಂದೇ ಸೀರೆ ಬಿಡಿಸಿ ಕೊಡವಿ ತೋರಿಸುವಾಗ ನಾನು ಮಗುವನ್ನೆತ್ತಿಕೊಂಡು ಬಾಗಿಲಲ್ಲಿ ನಿಂತಿದ್ದೆ. ಏನೂ ಸಿಗದಿದ್ದರೂ ಅತ್ತೆ ಅವರನ್ನು ಕೆಲಸದಿಂದ ಬಿಡಿಸಿದರು. ಮರುದಿನ ತಮ್ಮನ ಅಂಗಿ ಒಗೆಯುವಾಗ ಜೇಬಿನಲ್ಲಿ ಸರದ ಕೊಂಡಿ ಸಿಕ್ಕಿತು. ನಾನು ಯಾರಿಗೂ ಹೇಳಲಿಲ್ಲ. ಅವನನ್ನೂ ಕೇಳಲಿಲ್ಲ. ಹದಿನಾಲ್ಕು ವರ್ಷ. ಕೊಂಡಿ ಬೀರುವಿನ ಕೆಳಖಾನೆಯಲ್ಲಿ, ಮಗಳ ಹಳೆಯ ಕುಲಾವಿಯೊಳಗಿದೆ. ತೆಗೆದು ಅತ್ತೆಗೆ ತೋರಿಸಿ. ಅಡುಗೆಯವರು ಈಗ ಎಲ್ಲಿದ್ದಾರೆಂದು ವಿಚಾರಿಸಿಡಿ, ಬದುಕಿದ್ದಾರೆಯೇ ಎಂದು ಮೊದಲು ವಿಚಾರಿಸಿ. ಆದರೆ ನೀವು ಹೋಗಿ ಹೇಳಬೇಡಿ. ಅವರ ಬಾಗಿಲಲ್ಲಿ ನಾನೇ ನಿಲ್ಲಬೇಕು.