ತಾತನ ಕಾರಿನ ಮುಂದಿನ ಸೀಟು

ಮಗಳೇ,

ಪುಟ್ಟಿಯ ತುಟಿ ಒಡೆದದ್ದು ಶಾಲೆಯ ಜಾರುಬಂಡೆಯಲ್ಲಲ್ಲ, ನನ್ನ ಕಾರಿನಲ್ಲಿ. "ತಾತ, ಇವತ್ತೊಂದಿನ ಮುಂದೆ ಕೂರ್ತೀನಿ, ಅಮ್ಮಂಗೆ ಹೇಳಲ್ಲ" ಎಂದಳು. ಕೂರಿಸಿದೆ. ಬೆಲ್ಟು ಕುತ್ತಿಗೆಗೆ ಒತ್ತುತ್ತದೆಂದಾಗ ಅದನ್ನೂ ಬಿಚ್ಚಿದೆ. ನಾಯಿ ಅಡ್ಡ ಬಂತೆಂದು ಬ್ರೇಕ್ ಹಾಕಿದೆ. ಅವಳ ಮುಖ ಡ್ಯಾಶ್‌ಬೋರ್ಡಿಗೆ ಬಡಿಯಿತು.

ಮಕ್ಕಳನ್ನು ಮುಂದೆ ಕೂರಿಸುವವರಿಗೆ ದಂಡ ಹಾಕಿ ಎಂದು ಇಪ್ಪತ್ತು ವರ್ಷಗಳಿಂದ ಪತ್ರಿಕೆಗಳಿಗೆ ಬರೆಯುತ್ತಿರುವವನು ನಾನು. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ! "ಶಾಲೇಲಿ ಬಿದ್ದೆ ಅನ್ನು" ಎಂದು ಅವಳಿಗೆ ಕಲಿಸಿದವನೂ ನಾನೇ. "ಟೀಚರನ್ನು ಎಲ್ಲರೆದುರು ಬೈದು ಬಂದೆ" ಎಂದು ನೀನು ಹೇಳಿದಾಗ ಪೇಪರಿನ ಹಿಂದೆ ಮುಖ ಮರೆಸಿಕೊಂಡೆ.

ನಾಳೆ ಅವರ ಕ್ಷಮೆ ಕೇಳಿ ಬರುತ್ತೇನೆ. ಪುಟ್ಟಿಯನ್ನು ಗದರಬೇಡ. ಅವಳನ್ನು ಕರೆತರಲು ಬೇರೆ ಏರ್ಪಾಡು ಮಾಡು. "ತಾತನೇ ಬರಲಿ" ಎಂದು ಅವಳು ಹಟ ಹಿಡಿದರೂ ಒಪ್ಪಬೇಡ.

ನಿನ್ನ ಅಪ್ಪ