ಇನ್ನೊಂದು ಉತ್ತರ ಎಲ್ಲಿ?

ಪ್ರೀತಿಯ ಅಕ್ಕಾ,

ನಿನ್ನ ಉತ್ತರಕ್ರಿಯೆ ಆಗಿ, ಬೊಜ್ಜದ ಊಟ ಮುಗಿದ ಮರುದಿನ ಸಂಜೆ ಗೇಟು ಕಿರ್ರೆಂದಿತು. ನಿನ್ನ ಟ್ಯೂಷನ್ ಮಕ್ಕಳು. ಎಂದಿನ ಹಾಗೆ ಚಪ್ಪಲಿ ಬಿಟ್ಟು ಚಾವಡಿಯಲ್ಲಿ ಸಾಲಾಗಿ ಕೂತರು. ಬರಬೇಡಿ ಎಂದು ಅವರಿಗೆ ಯಾರೂ ಹೇಳಿರಲಿಲ್ಲ, ನಾನೂ ಹೇಳಲಿಲ್ಲ. ಬೋರ್ಡಿನಲ್ಲಿ ನೀನು ಅರ್ಧ ಬಿಡಿಸಿದ ವರ್ಗ ಸಮೀಕರಣ ಹಾಗೇ ಇತ್ತು. ಸುಮ್ಮನೆ ಹೋಗಿ ನಿನ್ನ ಕುರ್ಚಿಯಲ್ಲಿ ಕೂತೆ.

ಅಶ್ವಿನಿ ನೆನಪಿದ್ದಾಳಲ್ಲ? ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಫೇಲಾಗಿ ಮತ್ತೆ ಪರೀಕ್ಷೆ ಕಟ್ಟಿದವಳು. ಅವಳ ಅಮ್ಮನ ಎದುರು ನೀನು ದೊಡ್ಡ ಬಾಯಿ ಮಾಡಿ, "ಇವಳನ್ನು ಪಾಸು ಮಾಡಿಸದಿದ್ರೆ ನಾನು ಟೀಚರೇ ಅಲ್ಲ" ಎಂದುಬಿಟ್ಟೆ. ಹೇಳಿದ್ದೂ ನೀನೇ, ಹೋದದ್ದೂ ನೀನೇ. ಕೋಪ ಬಂತಾ ಎಂದು ಕೇಳಬೇಡ, ಅದೂ ಬರಲಿಲ್ಲ. ದೊಡ್ಡಮ್ಮ ಬೆನ್ನು ಸವರಿ, "ಒಮ್ಮೆ ಅತ್ತುಬಿಡು ಮಾರಾಯ್ತಿ. ಒಳಗೆ ಎಂತ ಆಗ್ತಾ ಉಂಟು?" ಎಂದರು. "ಎಂತದೂ ಇಲ್ಲ" ಎಂದೆ. ನಿಜವಾಗಿ ಎಂತದೂ ಇರಲಿಲ್ಲ.

ನನಗೆ ನೀನು ಅಪವರ್ತನ ಕಲಿಸಿದ್ದು ಅಡುಗೆಮನೆಯಲ್ಲಿ. ಮನೆಯಲ್ಲಿ ನಮ್ಮದು ತುಳು, ಲೆಕ್ಕಕ್ಕೆ ಮಾತ್ರ ಕನ್ನಡ. "ಗುಣಿಸಿದ್ರೆ ಹನ್ನೆರಡು, ಕೂಡಿಸಿದ್ರೆ ಏಳು. ಯಾವುದು ಹೇಳು?" ಮೂರು, ನಾಲ್ಕು ಎನ್ನುವವರೆಗೆ ನೀರುದೋಸೆ ಬಟ್ಟಲಿಗೆ ಬೀಳುತ್ತಿರಲಿಲ್ಲ. ನಾನೂ ಈ ಮಕ್ಕಳಿಗೆ ಹಾಗೇ ಕಲಿಸಿದೆ, ದೋಸೆಯೊಂದನ್ನು ಬಿಟ್ಟು.

ಒಂದು ಸಂಜೆ ಅಶ್ವಿನಿ x² = 6x ಬಿಡಿಸಿ ತಂದಳು. ಎರಡೂ ಕಡೆಯಿಂದ ಒಂದೊಂದು x ಹೊಡೆದುಹಾಕಿ, x = 6 ಎಂದು ಬರೆದು, ಅಡಿಗೆರೆ ಬೇರೆ. ನನ್ನ ಬಾಯಿಗೆ ತಾನಾಗಿ ಬಂತು: "ಇನ್ನೊಂದು ಉತ್ತರ ಎಲ್ಲಿ ಮಾರಾಯ್ತಿ?" ಮಕ್ಕಳೆಲ್ಲ ತಟ್ಟನೆ ಒಳಗಿನ ಬಾಗಿಲಿನತ್ತ ನೋಡಿದರು. ನಿನ್ನ ಸ್ವರ ನನ್ನಲ್ಲಿ ಇಷ್ಟಿದೆ ಎಂದು ನನಗೇನು ಗೊತ್ತು? ಎಲ್ಲವನ್ನೂ ಈಚೆ ತರಿಸಿ, ಆಚೆ ಸೊನ್ನೆ ಇಡಿಸಿದೆ. x(x − 6) = 0. ಎರಡರಲ್ಲಿ ಒಂದು ಸೊನ್ನೆ ಆಗಲೇಬೇಕು. ಹಾಗಾಗಿ x ಆರೂ ಆಗಬಹುದು, ಸೊನ್ನೆಯೂ ಆಗಬಹುದು.

"ಸೊನ್ನೆ ಅಂದ್ರೆ ಎಂತದೂ ಇಲ್ಲ ಅಲ್ವಾ ಸುಜಾತಕ್ಕ? ಅದನ್ನು ಯಾಕೆ ಬರೀಬೇಕು?"

"ಎಂತದೂ ಇಲ್ಲದಿದ್ರೂ ಅದು ಉತ್ತರವೇ. ಬರೆದ್ರೆ ಮಾತ್ರ ಮಾರ್ಕು" ಎಂದೆ. ನಿನ್ನದೇ ಮಾತು ಅದು. ನನ್ನದು ಎಂತ ಉಂಟು...

ಮೊನ್ನೆ ರಿಸಲ್ಟ್ ಬಂತು ಅಕ್ಕಾ. ಅಶ್ವಿನಿ ಪಾಸು! ಮಂಗಳಾದೇವಿಯ ಪ್ರಸಾದ ಹಿಡಿದುಕೊಂಡು ಓಡಿ ಬಂದಳು. "ಸೊನ್ನೆಯನ್ನು ಬಿಡ್ಲಿಲ್ಲ ಸುಜಾತಕ್ಕ, ಮೊದಲು ಅದನ್ನೇ ಬರೆದೆ" ಎಂದಳು. ಗೇಟಿನವರೆಗೆ ಹೋದವಳು ತಿರುಗಿ, "ಟೀಚರಿಗೆ ಹೇಳಿದ್ರಾ?" ಎಂದು ಕೇಳಿ ನಾಲಿಗೆ ಕಚ್ಚಿಕೊಂಡಳು.

ಅದಕ್ಕೇ ಹೇಳುತ್ತಿದ್ದೇನೆ. ನೀನು ಟೀಚರೇ. ಸೋಮವಾರದಿಂದ ಹೊಸ ಮಕ್ಕಳು ಬರುತ್ತಾರೆ. ಬಜಪೆಯ ನನ್ನ ಆಫೀಸಿನಲ್ಲಿ ಇನ್ನು ಸಂಜೆಯ ಡ್ಯೂಟಿ ಬೇಡವೆಂದು ಹೇಳಿ ಬಂದಿದ್ದೇನೆ. ಅಳು ಮಾತ್ರ ಇನ್ನೂ ಬಂದಿಲ್ಲ. ಒಳಗೆ ಎಂತದೂ ಇಲ್ಲ. ಅದನ್ನೂ ಬರೆದಿದ್ದೇನೆ, ನೋಡು.

ನಿನ್ನ ಸುಜಾತ