ಸೀಸೆಯೊಳಗಿನ ಹನ್ನೆರಡು ಚಿಪ್ಪು

ಪ್ರೊಫೆಸರ್ ಸಾಹೇಬರಿಗೆ,

ನೀವು ಕಳಿಸಿದ ಪುಸ್ತಕ ತಲುಪಿತು. ನಮ್ಮ ಕಡಲಿನ ಉಗುರಗಲದ ಕಪ್ಪೆಚಿಪ್ಪಿಗೆ ನಿಮ್ಮ ಹೆಂಡತಿಯ ಹೆಸರಿಟ್ಟಿದ್ದೀರಿ, ಇಟ್ಟುಕೊಳ್ಳಿ. ಪಕ್ಕದ ಪುಟದಲ್ಲಿ ನಕ್ಷೆ ಯಾಕೆ ಹಾಕಿದಿರಿ?

ಅವತ್ತು ಚಿಪ್ಪು ಹುಡುಕಿಕೊಂಡು ನಮ್ಮೂರಿಗೆ ಬಂದಾಗ ಎಂಟು ದಿನ ನೀರಿಗೆ ಯಂತ್ರ ಇಳಿಸಿ ಬರಿಗೈಯಲ್ಲಿ ಕೂತಿದ್ದಿರಿ. ಅಯ್ಯೋ ಪಾಪ ಎಂದು ಅಮ್ಮನೇ ನಿಮ್ಮ ಬೂಟು ಬಿಚ್ಚಿಸಿ, ಕೆಸರಲ್ಲಿ ಹಿಮ್ಮಡಿ ತಿರುಗಿಸಿ ಚಿಪ್ಪು ಹುಡುಕುವುದನ್ನು ಕಲಿಸಿದಳು. "ಜಾಗ ಮಾತ್ರ ಯಾರಿಗೂ ಹೇಳ್ಬೇಡಪ್ಪಾ" ಅಂದಳು. "ಆಯ್ತಮ್ಮ" ಎಂದು ನೀವು ತಲೆಯಾಡಿಸಿದಿರಿ.

ನಕ್ಷೆ ಹಿಡಿದು ಬಂದವರು ಎರಡೇ ತಿಂಗಳಲ್ಲಿ ಬಕೆಟ್‌ಗಟ್ಟಲೆ ಬಾಚಿಕೊಂಡು ಹೋದರು. ಈಗ ಹಿಮ್ಮಡಿಗೆ ಬರೀ ಕೆಸರು ಸಿಗುತ್ತದೆ.

ಅಮ್ಮನಿಗೆ ಈಗ ಕಣ್ಣು ಕಾಣುವುದಿಲ್ಲ. ಚಿಪ್ಪು ಖಾಲಿಯಾದ ವಿಷಯ ಹೇಳಿಲ್ಲ. ಮೊನ್ನೆ ಮಾರ್ಕೆಟ್ಟಿನಿಂದ ಬೇರೆ ಚಿಪ್ಪು ತಂದು ಕೈಗಿಟ್ಟೆ. ಹೆಬ್ಬೆರಳಲ್ಲಿ ಸವರಿ, "ಇದು ನಮ್ದಲ್ಲ ಕಣೇ" ಅಂದಳು.

ನಿಮ್ಮ ಸೀಸೆಯಲ್ಲಿ ನಮ್ಮ ಚಿಪ್ಪು ಹನ್ನೆರಡಿವೆ ಎಂದು ಪುಸ್ತಕದಲ್ಲೇ ಬರೆದಿದ್ದೀರಿ. ಒಂದನ್ನು ಔಷಧಿ ವಾಸನೆ ಹೋಗುವಂತೆ ತೊಳೆದು ಅಂಚೆಯಲ್ಲಿ ಕಳಿಸಿ. ಖುದ್ದಾಗಿ ತರಬೇಡಿ. ಅಮ್ಮ ನಿಮ್ಮನ್ನು ಇನ್ನೂ ಒಳ್ಳೆಯವರೆಂದೇ ನಂಬಿದ್ದಾಳೆ. ಬಂದರೆ ಕಾಫಿ ಕೊಡು ಎನ್ನುತ್ತಾಳೆ, ನನ್ನ ಕೈಯಲ್ಲಿ ಆಗುವುದಿಲ್ಲ.

ಇಂತಿ,
ನಿಮಗೆ ಜಾಗ ತೋರಿಸಿದವಳ ಮಗಳು